ದಾರೂ ಮಾರಿದರೆ ಹತ್ತು ವರ್ಷ, ದಾರೂಖಾನು ಕೂಡಿಟ್ಟರೆ ಮೂರು ಸಾವಿರ

ಗುಜರಾತಿಗೆ ಬಂದಾಗ ನಾನು ಮೊದಲು ಇಳಿದದ್ದು ವಡೋದರಾದಲ್ಲಿ. ಆಗಿನ್ನೂ ಎಲ್ಲರ ಬಾಯಲ್ಲಿ ಅದು ಬರೋಡಾ. ದೀಪಾವಳಿಗೆ ಹದಿನೈದು ದಿನ ಬಾಕಿ ಇತ್ತು. ಹಿಂದಿ ಅಕ್ಷರ ಬಲ್ಲವನಿಗೆ ಗುಜರಾತಿ ಓದುವುದು ಅಂಥ ಕಷ್ಟವಲ್ಲ, ತಲೆಯ ಮೇಲಿನ ಗೆರೆ ಇರಲ್ಲ ಅಷ್ಟೆ. ಸ್ಟೇಷನ್ನಿನಿಂದ ರೂಮಿಗೆ ಹೋಗುವಾಗ ರಿಕ್ಷಾದಲ್ಲಿ ಕೂತು ಅಕ್ಷರ ಕೂಡಿಸಿ ಕೂಡಿಸಿ ಬೋರ್ಡುಗಳನ್ನು ಓದುತ್ತಿದ್ದೆ. ಒಂದು ಅಂಗಡಿಯ ಮುಂದೆ ದಪ್ಪ ಅಕ್ಷರದಲ್ಲಿ ‘ದಾರೂಖಾನು’ ಅಂತ ಬರೆದಿತ್ತು. ನನಗೋ ಗಾಬರಿ! ಗಾಂಧಿ ಹುಟ್ಟಿದ ನಾಡು, ಪಾನನಿಷೇಧದ ರಾಜ್ಯ, ನಡುಬೀದಿಯಲ್ಲಿ ಹೀಗೆ ಬೋರ್ಡು ಹಾಕಿಕೊಂಡು ಮಾರುತ್ತಾರಲ್ಲ ಅಂತ.

ರೂಮಿನಲ್ಲಿದ್ದ ಧಾರವಾಡದ ಗೆಳೆಯನಿಗೆ ಹೇಳಿದರೆ ಅವನು ಬಿದ್ದು ಬಿದ್ದು ನಕ್ಕ. "ಅದು ಪಟಾಕಿ ಅಂಗಡಿ ಮಾರಾಯಾ. ಇಲ್ಲಿ ದಾರೂ ಅಂದರ ಹೆಂಡಾನೂ ಹೌದು, ಸಿಡಿಮದ್ದೂ ಹೌದು. ದಾರೂಖಾನು ಅಂದರ ಪಟಾಕಿ."

ಆಮೇಲೆ ಯೋಚಿಸಿದಾಗ ನಮ್ಮ ಭಾಷೆಯೇನೂ ಕಡಿಮೆ ಇಲ್ಲ ಅನ್ನಿಸಿತು. ಜ್ವರ ಬಂದರೆ ಕುಡಿಯುವುದೂ ಮದ್ದು, ಕೋವಿಗೆ ತುಂಬುವುದೂ ಮದ್ದು. ಒಂದೇ ಪದದಲ್ಲಿ ಜೀವ ಉಳಿಸುವುದು, ಜೀವ ತೆಗೆಯುವುದು ಎರಡನ್ನೂ ಇಟ್ಟುಕೊಂಡಿದ್ದೇವೆ. ಗೊಂದಲ ಭಾಷೆಯಲ್ಲಿದ್ದರೆ ತೊಂದರೆಯಿಲ್ಲ, ನಕ್ಕು ಸುಮ್ಮನಾಗಬಹುದು. ಕಾನೂನಿನಲ್ಲಿದ್ದರೆ ಜನ ಸಾಯುತ್ತಾರೆ. ಇವತ್ತು ಬರೆಯಲು ಕೂತದ್ದು ಅದರ ಬಗ್ಗೆ.

ಮೊದಲನೇ ದಾರೂ ವಿಷಯದಲ್ಲಿ ಗುಜರಾತ್ ಎಷ್ಟು ಕಟ್ಟುನಿಟ್ಟು ಅಂತ ಇಲ್ಲಿರುವ ನಮಗೆಲ್ಲ ಗೊತ್ತು. ಊರಿಂದ ಬರುವ ಭಾವಮೈದುನನಿಗೆ "ಬ್ಯಾಗಲ್ಲಿ ಏನೂ ತರಬೇಡಪ್ಪಾ" ಅಂತ ಎರಡೆರಡು ಸಲ ಫೋನ್ ಮಾಡಿ ಹೇಳುತ್ತೇವೆ. 1949ರ ಪಾನನಿಷೇಧ ಕಾಯಿದೆಗೆ 2017ರಲ್ಲಿ ತಿದ್ದುಪಡಿ ತಂದು, ಹೆಂಡ ತಯಾರಿಸುವವರಿಗೆ, ಮಾರುವವರಿಗೆ, ಸಾಗಿಸುವವರಿಗೆ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ ಅಂತ ಮಾಡಿದರು. ಆರೋಗ್ಯದ ಕಾರಣಕ್ಕೆ ಪರ್ಮಿಟ್ ತೆಗೆದುಕೊಂಡವನಿಗೂ ತಿಂಗಳಿಗೆ ಇಂತಿಷ್ಟೇ ಅಂತ ಲೆಕ್ಕ.

ಈಗ ಎರಡನೇ ದಾರೂಗೆ ಬನ್ನಿ. ಸಿಡಿಮದ್ದಿಗೆ ಇರುವುದು 1884ರ ಸ್ಫೋಟಕ ಕಾಯಿದೆ, ಅದರ ಕೆಳಗೆ 2008ರ ಸ್ಫೋಟಕ ನಿಯಮಗಳು. ಉಸ್ತುವಾರಿ ನಾಗಪುರದಲ್ಲಿ ಮುಖ್ಯ ಕಚೇರಿ ಇರುವ ಪೆಸೋ ಎಂಬ ಕೇಂದ್ರ ಸಂಸ್ಥೆಯದ್ದು. ಚಿಕ್ಕ ಪ್ರಮಾಣಕ್ಕೆ ಲೈಸೆನ್ಸ್ ಕೊಡುವವರು ಜಿಲ್ಲಾಧಿಕಾರಿ, ನಮ್ಮ ಅಹಮದಾಬಾದ್, ಸೂರತ್, ವಡೋದರಾದಂಥ ನಗರಗಳಲ್ಲಿ ಪೊಲೀಸ್ ಕಮಿಷನರ್. ನಿಯಮಗಳನ್ನು ಓದಿದರೆ ಬರೆದವರಿಗೆ ಕೈ ಮುಗಿಯಬೇಕು ಅನ್ನಿಸುತ್ತೆ, ಅಷ್ಟು ವಿವರ ಇದೆ. ಜಿಲ್ಲಾಧಿಕಾರಿ ಕೊಡುವ ತಯಾರಿಕೆ ಲೈಸೆನ್ಸಿನಲ್ಲಿ ಒಂದು ಹೊತ್ತಿಗೆ 15 ಕಿಲೋಗಿಂತ ಹೆಚ್ಚು ಮದ್ದು ಇರಕೂಡದು. ಅಂಗಡಿಯ ಲೈಸೆನ್ಸಿನಲ್ಲಿ 100 ಕಿಲೋ ಪಟಾಕಿ, ಜೊತೆಗೆ ಸರಪಟಾಕಿ ಸುರುಸುರುಬತ್ತಿ ಥರದ್ದು 500 ಕಿಲೋ. ಅಂಗಡಿ 9 ಚದರ ಮೀಟರಿಗಿಂತ ಕಡಿಮೆ ಇರಬಾರದು, 25ಕ್ಕಿಂತ ಹೆಚ್ಚಿರಬಾರದು. ನೆಲಮಾಳಿಗೆಯಲ್ಲಿ ಇರಬಾರದು, ಮೆಟ್ಟಿಲ ಹತ್ತಿರ ಲಿಫ್ಟಿನ ಹತ್ತಿರ ಇರಬಾರದು, ಮೇಲೆ ಜನ ವಾಸವಿರುವ ಮಹಡಿ ಇರಬಾರದು. ಹಬ್ಬಕ್ಕೆ ಹಾಕುವ ತಾತ್ಕಾಲಿಕ ಶೆಡ್ಡುಗಳ ನಡುವೆ 3 ಮೀಟರ್ ಅಂತರ, ಒಂದಕ್ಕೊಂದು ಮುಖ ಮಾಡಿರಬಾರದು, ಒಂದು ಗುಂಪಿನಲ್ಲಿ 50ಕ್ಕಿಂತ ಹೆಚ್ಚು ಇರಬಾರದು.

ಸರಿ, ಇದನ್ನೆಲ್ಲ ಮೀರಿದರೆ? ಲೈಸೆನ್ಸ್ ಇಲ್ಲದೆ ಕೂಡಿಟ್ಟರೆ, ಮಾರಿದರೆ? ಕಾಯಿದೆಯ 9ಬಿ ಕಲಮು ಹೇಳುತ್ತೆ: ಎರಡು ವರ್ಷದವರೆಗೆ ಜೈಲು, ಅಥವಾ ಮೂರು ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ತಯಾರಿಸಿದರೆ ಮೂರು ವರ್ಷ, ಅಥವಾ ಐದು ಸಾವಿರ, ಅಥವಾ ಎರಡೂ.

ಆ ‘ಅಥವಾ’ ಅನ್ನೋ ಪದವನ್ನು ಇನ್ನೊಂದು ಸಲ ಓದಿ. ಒಂದು ಟನ್ ಸರಕು ಕಳ್ಳತನದಲ್ಲಿ ಇಟ್ಟವನು ಬರೀ ದಂಡ ಕಟ್ಟಿ ಹೊರಬರಬಹುದು. ಕಿಲೋಗೆ ಮೂರು ರೂಪಾಯಿ ಬಿತ್ತು. ನಮ್ಮ ಸೊಸೈಟಿಯ ಕೆಳಗೆ ತರಕಾರಿ ಗಾಡಿಯವನು ಕೊತ್ತಂಬರಿಯನ್ನೂ ಆ ರೇಟಿಗೆ ಕೊಡಲ್ಲ. 2024ರಲ್ಲಿ ಕೇಂದ್ರ ಸರ್ಕಾರ ಹೊಸ ಮಸೂದೆಯ ಕರಡು ಹೊರಡಿಸಿ, ಈ ಮೂರು ಸಾವಿರವನ್ನು ಐವತ್ತು ಸಾವಿರ ಮಾಡೋಣ ಅಂದಿತು. ಅದಾಗಿ ಸುಮಾರು ಒಂದು ವರ್ಷಕ್ಕೆ ಡೀಸಾ ಸಿಡಿಯಿತು. ಆ ದಿನ ಜಾರಿಯಲ್ಲಿದ್ದದ್ದು ಹಳೇ ಮೂರು ಸಾವಿರವೇ.

ಡೀಸಾ ಅಹಮದಾಬಾದಿನಿಂದ ನೂರೈವತ್ತು ಕಿಲೋಮೀಟರ್ ಆಸುಪಾಸು, ಬನಾಸಕಾಂಠಾ ಜಿಲ್ಲೆಯಲ್ಲಿದೆ. ಆಲೂಗಡ್ಡೆಗೆ ಹೆಸರಾದ ಊರು. 2025ರ ಏಪ್ರಿಲ್ 1ರ ಬೆಳಿಗ್ಗೆ ಅಲ್ಲಿನ ಕೈಗಾರಿಕಾ ಪ್ರದೇಶದ ಒಂದು ಪಟಾಕಿ ಗೋದಾಮು ಸ್ಫೋಟವಾಯಿತು. ಸ್ಲ್ಯಾಬ್ ಕುಸಿದುಬಿತ್ತು. 21 ಜನ ಸತ್ತರು. ಅದರಲ್ಲಿ ಹೆಂಗಸರಿದ್ದರು, ಮಕ್ಕಳಿದ್ದರು. ಗೋದಾಮಿನ ಲೈಸೆನ್ಸಿನ ಅವಧಿ 2024ರ ಡಿಸೆಂಬರ್ 31ಕ್ಕೇ ಮುಗಿದಿತ್ತು, ನವೀಕರಣ ಆಗಿರಲಿಲ್ಲ. ಪಟಾಕಿ ತಯಾರಿಸುವ ಲೈಸೆನ್ಸ್ ಅಂತೂ ಇರಲೇ ಇಲ್ಲ. ಆದರೆ ಒಳಗೆ ಅಲ್ಯೂಮಿನಿಯಂ ಪುಡಿ ಇತ್ತು, ಕೆಲಸಗಾರರಿದ್ದರು, ಅವರ ಸಂಸಾರಗಳೂ ಇದ್ದವು.

ಲೈಸೆನ್ಸ್ ಮುಗಿದ ದಿನಕ್ಕೂ ಸ್ಫೋಟದ ದಿನಕ್ಕೂ ನಡುವೆ ಸರಿಯಾಗಿ ಮೂರು ತಿಂಗಳು. ನನ್ನ ತಕರಾರು ಆ ಮೂರು ತಿಂಗಳ ಬಗ್ಗೆ. ಕಾಗದದ ಮೇಲೆ ಆ ಗೋದಾಮಿನಲ್ಲಿ ಇರಬೇಕಾದ ಮದ್ದು ಸೊನ್ನೆ. ಆದರೆ ಲೈಸೆನ್ಸ್ ಮುಗಿದ ಮಾತ್ರಕ್ಕೆ ಗೋದಾಮು ತನ್ನಷ್ಟಕ್ಕೆ ಖಾಲಿಯಾಗುತ್ತಾ? ನಮ್ಮಲ್ಲಿ ನವೀಕರಣ ಅಂದರೆ ಫೈಲಿನ ಕೆಲಸ. ಅರ್ಜಿ ಒಂದು ಟೇಬಲ್ಲಿನಿಂದ ಇನ್ನೊಂದಕ್ಕೆ ಹೋಗುತ್ತಾ ಇರುತ್ತೆ, ಮದ್ದು ಇದ್ದಲ್ಲೇ ಇರುತ್ತೆ. ಕಿಲೋ ಲೆಕ್ಕದಲ್ಲಿ ಬರೆದ ಕಾನೂನನ್ನು ತಕ್ಕಡಿ ಇಲ್ಲದೆ ಜಾರಿ ಮಾಡುವುದು ಅಂದರೆ ಇದೇ.

ಇನ್ನೊಂದು ಮಾತು. ಡೀಸಾದಲ್ಲಿ ಸತ್ತವರು ಗುಜರಾತಿನವರಲ್ಲ. ಮಧ್ಯಪ್ರದೇಶದ ಹರದಾ, ದೇವಾಸ್ ಜಿಲ್ಲೆಗಳಿಂದ ಕೂಲಿಗೆ ಬಂದವರು. ಹರದಾ ಹೆಸರು ನಿಮಗೆ ನೆನಪಿರಬಹುದು. 2024ರ ಫೆಬ್ರವರಿ 6ರಂದು ಅಲ್ಲಿಯೂ ಪಟಾಕಿ ಕಾರ್ಖಾನೆ ಸ್ಫೋಟವಾಗಿ ಹತ್ತಕ್ಕೂ ಹೆಚ್ಚು ಜನ ಸತ್ತಿದ್ದರು. ಒಂದು ರಾಜ್ಯದಲ್ಲಿ ಕಾರ್ಖಾನೆಗೆ ಬೀಗ ಬಿದ್ದರೆ ಆ ಕಸುಬು ಬಲ್ಲ ಕೈಗಳು ಇನ್ನೊಂದು ರಾಜ್ಯಕ್ಕೆ ಬಸ್ಸು ಹತ್ತುತ್ತವೆ. ಹೊಟ್ಟೆ ಕೇಳಬೇಕಲ್ಲ.

ನಾನು ಮಲೆನಾಡಿನವನು. ನಮ್ಮ ಅಜ್ಜನ ಹತ್ತಿರ ಒಂದು ಕೇಪಿನ ಕೋವಿ ಇತ್ತು, ಅಡಿಕೆ ತೋಟಕ್ಕೆ ಬರುವ ಮಂಗಗಳನ್ನು ಹೆದರಿಸಲಿಕ್ಕೆ. ಅದರ ಮದ್ದು ಒಂದು ಸಣ್ಣ ಡಬ್ಬಿಯಲ್ಲಿ ಇರುತ್ತಿತ್ತು. ಅಡುಗೆಮನೆಯಿಂದ ಅತಿ ದೂರದ ಮೂಲೆಯಲ್ಲಿ, ಮಕ್ಕಳ ಕೈಗೆ ಸಿಗದ ಹಾಗೆ. ಅಜ್ಜ ಕವಳ ಹಾಕಿಕೊಂಡು ಬೀಡಿ ಸೇದುತ್ತಿದ್ದವರು, ಆದರೆ ಆ ಕೋಣೆಗೆ ಬೀಡಿ ಹಚ್ಚಿಕೊಂಡು ಹೋಗುತ್ತಿರಲಿಲ್ಲ. "ಮದ್ದು ಡಬ್ಬಿ ತುಂಬ ಇರಬಾರದೋ, ಬೇಕಾದಷ್ಟೇ ಇರಬೇಕು" ಅನ್ನುತ್ತಿದ್ದರು. ಅವರು ಯಾವ ನಿಯಮವನ್ನೂ ಓದಿದವರಲ್ಲ. ಆದರೆ ಮದ್ದು ಹೊತ್ತಿದರೆ ಹೋಗುವುದು ತನ್ನದೇ ಮನೆ, ತನ್ನದೇ ಮೊಮ್ಮಕ್ಕಳು ಅಂತ ಗೊತ್ತಿತ್ತು. ಮಿತಿಯನ್ನು ಭಯವೇ ಹಾಕಿತ್ತು.

ಭಯ ಪಡುವುದಕ್ಕೆ ಕಾರಣವೂ ಇದೆ. ಕರಿಮದ್ದು ಅಂದರೆ ಮುಕ್ಕಾಲು ಪಾಲು ಪೆಟ್ಲುಪ್ಪು, ಉಳಿದದ್ದು ಇದ್ದಿಲು, ಗಂಧಕ. ಸೌದೆ ಉರಿಯಲಿಕ್ಕೆ ಗಾಳಿ ಬೇಕು, ಗೋಣಿ ಹೊದಿಸಿದರೆ ಬೆಂಕಿ ಆರುತ್ತೆ. ಮದ್ದಿಗೆ ಹೊರಗಿನ ಗಾಳಿ ಬೇಡ, ಉರಿಯಲು ಬೇಕಾದ ಆಮ್ಲಜನಕ ಪೆಟ್ಲುಪ್ಪಿನಲ್ಲೇ ಇರುತ್ತೆ. ಬಯಲಲ್ಲಿ ಒಂದು ಚಿಟಿಕೆ ಹಾಕಿ ಕಡ್ಡಿ ಗೀರಿದರೆ ಬುಸ್ಸೆಂದು ಉರಿದು ಹೋಗುತ್ತೆ. ಅದನ್ನೇ ಗಟ್ಟಿಯಾಗಿ ಮುಚ್ಚಿಟ್ಟರೆ, ಹುಟ್ಟಿದ ಬಿಸಿ ಅನಿಲಕ್ಕೆ ಹೋಗಲು ಜಾಗವಿಲ್ಲದೆ ಗೋಡೆಯನ್ನೇ ಒಡೆಯುತ್ತೆ. ಈಗಿನ ಪಟಾಕಿಗಳಲ್ಲಿ ಸದ್ದಿಗೆ, ಬೆಳಕಿಗೆ ಅಂತ ಹಾಕುವ ಅಲ್ಯೂಮಿನಿಯಂ ಮಿಶ್ರಣ ಕರಿಮದ್ದಿಗಿಂತಲೂ ಬಿರುಸು. ಹಾಗಾಗಿ ಹದಿನೈದು ಕಿಲೋ, ನೂರು ಕಿಲೋ ಅನ್ನುವ ಅಂಕಿಗಳು ಯಾರೋ ಗುಮಾಸ್ತ ಸುಮ್ಮನೆ ಬರೆದದ್ದಲ್ಲ. ಒಂದು ತಪ್ಪಿಗೆ ಎಷ್ಟು ಜನ ಸಾಯಬಹುದು ಅನ್ನುವುದನ್ನು ತೀರ್ಮಾನಿಸುವ ಅಂಕಿ ಅದು. ಕಿಡಿ ಎಂದಾದರೂ ಒಂದು ದಿನ ಬಿದ್ದೇ ಬೀಳುತ್ತೆ. ಅದು ಡಬ್ಬಿಗೆ ಬೀಳುತ್ತೋ ಗೋದಾಮಿಗೆ ಬೀಳುತ್ತೋ ಅನ್ನುವುದಷ್ಟೇ ನಮ್ಮ ಕೈಯಲ್ಲಿರುವುದು.

ಈಗಿನ ವ್ಯಾಪಾರಿಗೆ ಅಜ್ಜನ ಭಯ ಇಲ್ಲ. ಅವನ ಮನೆ ಇರುವುದು ಬೇರೆ ಕಡೆ. ಗೋದಾಮಿನಲ್ಲಿ ಮಲಗುವವರು ಬೇರೆಯವರ ಮಕ್ಕಳು.

ಇಷ್ಟು ಹೇಳಿದ ತಕ್ಷಣ ಎರಡು ಮಾತು ಬರುತ್ತವೆ. ಒಂದು, "ಹಬ್ಬ ಮಾಡೋದು ಬೇಡವಾ? ನಿಮ್ಮಂಥ ಬುದ್ಧಿಜೀವಿಗಳಿಗೆ ನಮ್ಮ ದೀಪಾವಳಿಯೇ ಕಣ್ಣಿಗೆ ಬೀಳೋದು." ಸ್ವಾಮಿ, ನಾನೂ ಪಟಾಕಿ ಹೊಡೆದವನೇ, ಮೊಮ್ಮಗನಿಗೆ ಸೂರತ್ತಿನಲ್ಲಿ ಹೂಕುಂಡ ಕೊಡಿಸಿದವನೇ. ಪ್ರತಿ ವರ್ಷ ಟಿವಿಯಲ್ಲಿ ಹೊಗೆ ಮತ್ತು ಧರ್ಮದ ಜಗಳ ನಡೆಯುತ್ತೆ. 2018ರಲ್ಲಿ ಸುಪ್ರೀಂ ಕೋರ್ಟ್ ಹಸಿರು ಪಟಾಕಿ, ರಾತ್ರಿ ಎಂಟರಿಂದ ಹತ್ತು ಅಂತ ಹೇಳಿದ ಮೇಲೆ ಅದು ಇನ್ನೂ ಜೋರಾಗಿದೆ. ಈ ಕಡೆಯವರಿಗೆ ಶ್ವಾಸಕೋಶದ ಚಿಂತೆ, ಆ ಕಡೆಯವರಿಗೆ ಸಂಪ್ರದಾಯದ ಚಿಂತೆ. ಚೀಲದ ಪಕ್ಕ ಕೂತು ಮದ್ದು ತುಂಬುವವನ ಚಿಂತೆ ಎರಡೂ ಕಡೆಯವರಿಗಿಲ್ಲ. ಹಸಿರು ಪಟಾಕಿಯಾದರೂ ಗೋದಾಮಿನಲ್ಲಿ ರಾಶಿ ಬಿದ್ದರೆ ಸಿಡಿಯುತ್ತೆ. ನಾನು ಕೇಳುತ್ತಿರುವುದು ಹೊಡೆಯಬೇಡಿ ಅಂತಲ್ಲ, ರಾಶಿ ಹಾಕಬೇಡಿ ಅಂತ.

ಎರಡನೆಯದು, "ಸಣ್ಣ ವ್ಯಾಪಾರಿ, ವರ್ಷಕ್ಕೊಂದು ಸೀಸನ್, ಕಾನೂನು ಬಿಗಿ ಮಾಡಿದರೆ ಬದುಕೋದು ಹೇಗೆ?" ಇದರಲ್ಲಿ ಸತ್ಯ ಇದೆ. ಲೈಸೆನ್ಸಿಗೆ ಓಡಾಡಿ ಚಪ್ಪಲಿ ಸವೆಸುವವನು ಸಣ್ಣವನೇ. ಅದಕ್ಕೇ ಹೇಳುವುದು, ಇವತ್ತಿನ ವ್ಯವಸ್ಥೆ ನಿಯಮ ಪಾಲಿಸುವ ಸಣ್ಣವನಿಗೆ ತಲೆನೋವು, ಮೀರುವ ದೊಡ್ಡವನಿಗೆ ಮೂರು ಸಾವಿರದ ಖರ್ಚು. ದಂಡವನ್ನು ಕಿಲೋ ಲೆಕ್ಕದಲ್ಲಿ ಹಾಕಿ. ಹತ್ತು ಕಿಲೋ ಹೆಚ್ಚಿಟ್ಟವನಿಗೆ ಹತ್ತು ಕಿಲೋದಷ್ಟು, ಹತ್ತು ಟನ್ ಇಟ್ಟವನಿಗೆ ಹತ್ತು ಟನ್ನಿನಷ್ಟು. ಆಗ ಯಾರಿಗೆ ಬಿಸಿ ತಟ್ಟುತ್ತೆ ನೋಡೋಣ.

ಬರೀ ಸರ್ಕಾರವನ್ನು ಬೈದು ಮುಗಿಸಿದರೆ ಆತ್ಮವಂಚನೆ. ನಮ್ಮ ಪಾಲೂ ಇದೆ. ಒಂದು ದೀಪಾವಳಿಗೆ ನಮ್ಮ ಅಹಮದಾಬಾದಿನ ಸೊಸೈಟಿಯ ಕೆಳಗಿನ ಶಟರಿನಲ್ಲಿ ಪಟಾಕಿ ಡಬ್ಬಗಳು ಬಂದು ಬಿದ್ದವು. ನೆಲದಿಂದ ಸೂರಿನವರೆಗೆ. ಮೇಲೆ ನಾಲ್ಕು ಮಹಡಿ, ಪಕ್ಕದಲ್ಲೇ ಮೆಟ್ಟಿಲು. ಗೋಡೆಗೆ ಲೈಸೆನ್ಸ್ ನೇತುಹಾಕಿದ್ದ, ಓದಿದರೆ ಅದರಲ್ಲಿದ್ದ ವಿಳಾಸವೇ ಬೇರೆ. ಕೇಳಿದರೆ "ಕಾಕಾ, ಚಿಂತಾ ನಾ ಕರೋ" ಅಂದ. ಸೊಸೈಟಿಯ ಚೇರ್ಮನ್ ಹತ್ತಿರ ಹೋದೆ. ಅವರು ಗುಜರಾತಿನ ಆ ಪ್ರಸಿದ್ಧ ಪದ ಹೇಳಿದರು: "ಚಾಲ್ಸೆ." ನಡೆಯುತ್ತೆ, ಬಿಡಿ ಅಂತ ಅರ್ಥ. ನಮ್ಮ ಬೆಂಗಳೂರಿನ "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ" ಇದೆಯಲ್ಲ, ಅದರ ದೊಡ್ಡಣ್ಣ. ದೂರು ಬರೆದುಕೊಟ್ಟೆ. ಯಾರೋ ಬಂದು ನೋಡಿ ಹೋದರು. ಡಬ್ಬಗಳು ಎರಡು ದಿನ ಮಾಯವಾಗಿ ಮೂರನೇ ದಿನ ವಾಪಸ್ ಬಂದವು.

ಅದಕ್ಕಿಂತ ಹೆಚ್ಚು ಬೇಜಾರಾದದ್ದು ನಮ್ಮ ಕನ್ನಡದವರೇ ಒಬ್ಬರ ಮಾತಿನಿಂದ. "ಯಾಕೆ ಭಟ್ರೇ ಇಲ್ಲದ ಉಸಾಬರಿ? ನಾವು ಹೊರಗಿನವರು. ದುಡಿಯಲಿಕ್ಕೆ ಬಂದಿದ್ದೀವಿ, ಅವರೂರ ವಿಷಯ ಅವರು ನೋಡ್ಕೋತಾರೆ." ಮೂವತ್ತು ವರ್ಷದಿಂದ ಇಲ್ಲಿ ತೆರಿಗೆ ಕಟ್ಟಿ, ಇಲ್ಲೇ ವೋಟು ಹಾಕಿ, ಮಕ್ಕಳಿಗೆ ಮನೆಯಲ್ಲಿ ಕನ್ನಡ ಬೀದಿಯಲ್ಲಿ ಗುಜರಾತಿ ಕಲಿಸಿದ ಮೇಲೂ ನಾವು ಹೊರಗಿನವರು, ಅದೂ ನಮ್ಮ ಬಾಯಲ್ಲೇ! ಆ ದಿನ ನನಗೆ ಉತ್ತರ ಹೊಳೆಯಲಿಲ್ಲ. ಡೀಸಾದ ಸುದ್ದಿ ಓದಿದಾಗ ಹೊಳೆಯಿತು. ಸಾಯುವುದು ಹೊರಗಿನವರೇ, ಸ್ವಾಮಿ. ಅವರೂ ದುಡಿಯಲಿಕ್ಕೆ ಬಂದವರೇ.

ಇದು ಗುಜರಾತಿನ ಮೇಲಿನ ದೂರು ಅಂತ ತಿಳಿಯಬೇಡಿ. ನಮ್ಮ ಊರ ಕಡೆ ನೋಡಿ. 2023ರ ಆಗಸ್ಟಿನಲ್ಲಿ ಹಾವೇರಿ ಹತ್ತಿರದ ಆಲದಕಟ್ಟಿಯಲ್ಲಿ ಪಟಾಕಿ ಗೋದಾಮಿಗೆ ಬೆಂಕಿ ಬಿದ್ದು ಕೆಲಸಗಾರರು ಸತ್ತರು. ಅದಾಗಿ ಎರಡು ತಿಂಗಳೂ ಕಳೆದಿರಲಿಲ್ಲ, ಅಕ್ಟೋಬರ್ 7ರಂದು ಆನೇಕಲ್ ತಾಲೂಕಿನ ಅತ್ತಿಬೆಲೆಯಲ್ಲಿ ಇನ್ನೊಂದು ಪಟಾಕಿ ಗೋದಾಮು ಹೊತ್ತಿತು. ಅದೇ ದಿನ 14 ಜನ ಸತ್ತರು, ಆಮೇಲೆ ಆಸ್ಪತ್ರೆಯಲ್ಲಿ ಇನ್ನೂ ಕೆಲವರು. ಹೆಚ್ಚಿನವರು ತಮಿಳುನಾಡಿನಿಂದ ಹಬ್ಬದ ಸೀಸನ್ನಿಗೆ ಕೆಲಸಕ್ಕೆ ಬಂದ ಹುಡುಗರು, ಕೆಲವರು ಓದುತ್ತಿದ್ದವರು. ಗಡಿಯಾಚೆ ಕಾಸರಗೋಡು ಜಿಲ್ಲೆಯ ನೀಲೇಶ್ವರದಲ್ಲಿ 2024ರ ಅಕ್ಟೋಬರಿನಲ್ಲಿ ತೆಯ್ಯಂ ನಡೆಯುತ್ತಿದ್ದಾಗ, ಪಟಾಕಿ ಹೊಡೆಯುತ್ತಿದ್ದ ಜಾಗದ ಪಕ್ಕದಲ್ಲೇ ಕೂಡಿಟ್ಟಿದ್ದ ರಾಶಿಗೆ ಕಿಡಿ ತಗುಲಿ 150ಕ್ಕೂ ಹೆಚ್ಚು ಜನ ಗಾಯಗೊಂಡರು, ಕೆಲವರು ಉಳಿಯಲಿಲ್ಲ. ಇತ್ತ ವಡೋದರಾ ಜಿಲ್ಲೆಯ ವಾಘೋಡಿಯಾ ತಾಲೂಕಿನ ರುಸ್ತಮ್‌ಪುರದಲ್ಲಿ 2016ರ ದೀಪಾವಳಿ ಹೊತ್ತಿಗೆ ಪಟಾಕಿ ಅಂಗಡಿಗಳು ಹೊತ್ತಿ ಎಂಟು ಜನ ಹೋದರು. ಭಾಷೆ ಬೇರೆ ಬೇರೆ, ರಾಶಿ ಒಂದೇ.

ಪ್ರತಿ ಸಲ ಆಮೇಲೆ ನಡೆಯುವುದೂ ಒಂದೇ. ಬಂಧನ, ಪರಿಹಾರ, ತನಿಖಾ ತಂಡ, ಒಂದು ತಿಂಗಳು ಊರೆಲ್ಲ ತಪಾಸಣೆ. 2019ರ ಮೇ 24ರಂದು ಸೂರತ್ತಿನ ತಕ್ಷಶಿಲಾ ಕಟ್ಟಡದ ಬೆಂಕಿಯಲ್ಲಿ 22 ಮಕ್ಕಳು ಹೋದಾಗಲೂ ನೋಡಿದ್ದೇವೆ. ಅದು ಮದ್ದಿನ ಬೆಂಕಿಯಲ್ಲ, ಆದರೆ ಬೆಂಕಿ ಆರಿದ ಮೇಲೆ ಅಳತೆ ಟೇಪು ಹಿಡಿದು ಬರುವ ಪದ್ಧತಿ ಮಾತ್ರ ಅದೇ. ಸತ್ತವರನ್ನು ಎಣಿಸುವ ಮೊದಲು ಮದ್ದನ್ನು ತೂಗಿ ಅಂತ ಕೇಳುವುದು ಅತಿಯಾಸೆಯಾ?

ನಾನು ಕೇಳುವುದು ನಾಲ್ಕೇ ಸಂಗತಿ. ಪ್ರತಿ ಅಂಗಡಿ, ಗೋದಾಮಿನ ಹೊರಗೆ, ಓದಲು ಬರುವವರೆಲ್ಲ ಓದುವಂತೆ ದಪ್ಪ ಗುಜರಾತಿ ಅಕ್ಷರದಲ್ಲಿ ಎಷ್ಟು ಕಿಲೋಗೆ ಲೈಸೆನ್ಸ್, ಯಾವ ತಾರೀಕಿನವರೆಗೆ ಅಂತ ಬೋರ್ಡು ಇರಲಿ. ಲೈಸೆನ್ಸ್ ಮುಗಿದ ಮರುದಿನವೇ ಸರಕನ್ನು ತೂಗಿ ಲೈಸೆನ್ಸ್ ಇರುವ ಬೇರೆ ಜಾಗಕ್ಕೆ ಸಾಗಿಸಲಿ, ಅರ್ಜಿ ಬಾಕಿ ಇದೆ ಅನ್ನುವುದು ನೆಪವಾಗದಿರಲಿ. ದಂಡ ಕಿಲೋ ಲೆಕ್ಕದಲ್ಲಿ ಬೀಳಲಿ. ಮದ್ದು ಇರುವ ಸೂರಿನ ಕೆಳಗೆ ಯಾರೂ ಸಂಸಾರ ಹೂಡಕೂಡದು, ಅಲ್ಲಿ ದುಡಿಯುವ ಪ್ರತಿಯೊಬ್ಬರ ಹೆಸರು, ಊರು ಒಂದು ರಿಜಿಸ್ಟರಿನಲ್ಲಿ ಇರಲಿ. ಇಪ್ಪತ್ತೊಂದು ಜನ ಸತ್ತ ಮೇಲೆ ಇವರು ಯಾರು ಅಂತ ಹುಡುಕುವ ಗತಿ ಬರಬಾರದು.

ನಮ್ಮಿಂದ ಆಗುವುದೂ ಇದೆ. ಈ ಸಲ ಹಬ್ಬಕ್ಕೆ ಮೊದಲು ನಿಮ್ಮ ಸೊಸೈಟಿಯ ಕೆಳಗಿನ ಶಟರ್, ಪಾರ್ಕಿಂಗ್, ನೆಲಮಾಳಿಗೆ ಒಂದು ಸಲ ನೋಡಿ ಬನ್ನಿ. ಪಟಾಕಿ ಕೊಳ್ಳುವಾಗ ಲೈಸೆನ್ಸ್ ಕೇಳಿ, ವಿಳಾಸ ಮತ್ತು ತಾರೀಕು ಓದಿ. ಸರಿ ಇಲ್ಲದಿದ್ದರೆ ಕೊಳ್ಳಬೇಡಿ, ಕಮಿಷನರ್ ಕಚೇರಿಗೆ ಒಂದು ಕಾಗದ ಹಾಕಿ. ಒಬ್ಬನೇ ಹಾಕಿದರೆ ಡಬ್ಬಗಳು ಮೂರನೇ ದಿನ ವಾಪಸ್ ಬರುತ್ತವೆ, ಅದು ನನ್ನ ಅನುಭವ. ರಾಜ್ಯೋತ್ಸವಕ್ಕೆ ಇನ್ನೂರು ಜನ ಸೇರಿ ಬಿಸಿಬೇಳೆಬಾತ್ ತಿನ್ನುವ ನಾವು, ಅದೇ ಇನ್ನೂರು ಸಹಿ ಹಾಕಿ ಒಂದು ಅರ್ಜಿ ಕೊಡಲಾರೆವಾ?

ಆ ಧಾರವಾಡದ ಗೆಳೆಯ ಈಗ ಊರಿಗೆ ವಾಪಸ್ ಹೋಗಿದ್ದಾನೆ. ಮೊನ್ನೆ ಫೋನ್ ಮಾಡಿದಾಗ ಇದನ್ನೆಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವತ್ತು ಆ ಬೋರ್ಡ್ ನೋಡಿ ನೀ ಹೆದರಿದ್ದು ಖರೇನ ಐತಿ ನೋಡಪಾ. ನಾನs ತಪ್ಪು ತಿಳದು ನಕ್ಕಿದ್ದೆ" ಅಂದ.